ರೈನ್ ನದಿಗೊಂದು ಮೀನಿನ ಚೀಲ: ಚೀಲದ ರಿವ್ಯೂ, ಜೊತೆಗೆ ನೀರಿನದೂ

ರೈನ್ ದಂಡೆಯ ಸ್ವಿಟ್ಜರ್ಲೆಂಡಿನ ಊರು ಬಾಸೆಲ್‌ಗೆ ಕೆಲಸಕ್ಕೆ ಬರುವ ನಮ್ಮವರು ಮೊದಲ ಬೇಸಿಗೆಯಲ್ಲಿ ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ. "ಆ ಮೀನಿನ ಥರದ ಚೀಲ ತಗೋಬೇಕಾ, ಇಲ್ಲಾ ಸುಮ್ನೆ ದುಡ್ಡು ದಂಡನಾ?" ನದಿಯಲ್ಲಿ ಈಜುವಾಗ ಜೊತೆಗೆ ಒಯ್ಯುವ ಚೀಲ ಅದು. ಈಜು ಬಂದರೆ ತಗೊಳ್ಳಿ, ಬರದಿದ್ದರೆ ಬೇಡ. ಚಿಕ್ಕ ಉತ್ತರ ಇಷ್ಟೇ. ದೊಡ್ಡ ಉತ್ತರ ಸ್ವಲ್ಪ ಉದ್ದ ಇದೆ. ಏಕೆಂದರೆ ಈ ಚೀಲದ ಬಗ್ಗೆ ಬರೆಯಲು ಕೂತರೆ ಅದು ತೇಲುವ ನೀರಿನ ಬಗ್ಗೆಯೂ ಬರೆಯಲೇಬೇಕಾಗುತ್ತದೆ. ನೀರು ಸರಿ ಇಲ್ಲದಿದ್ದರೆ ಈ ಚೀಲ ಯಾರಿಗೆ ಬೇಕು?

ಚೀಲದ ಹೆಸರು ವಿಕೆಲ್‌ಫಿಶ್. ಹುಟ್ಟೂರು ಬಾಸೆಲ್ಲೇ. ನೀರು ಒಳಗೆ ಹೋಗದ ಗಟ್ಟಿ ಬಟ್ಟೆ, ಮೀನಿನ ಆಕಾರ, ಮೈಮೇಲೆ ಒಂದು ಕಣ್ಣು. ನಾನು ಕೊಂಡಾಗ 30 ಫ್ರಾಂಕಿನ ಆಸುಪಾಸು ಇತ್ತು. ನಮ್ಮ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿ. ಒಂದು ಚೀಲಕ್ಕೆ ಮೂರು ಸಾವಿರವಾ ಅಂತ ಎದೆ ಧಸಕ್ಕೆನ್ನುತ್ತದೆ, ನಿಜ. ಆದರೆ ಇದು ಮಾಡುವ ಕೆಲಸ ಏನು ಅಂತ ನನ್ನ ಅಮ್ಮ ಒಂದೇ ಸಾಲಿನಲ್ಲಿ ಹೇಳಿಬಿಟ್ಟರು.

ಅಮ್ಮ ಟಿ. ನರಸೀಪುರದವರು. ಜೀವನವಿಡೀ ಕಾವೇರಿ, ಕಪಿಲೆ ಸೇರುವ ಜಾಗ ನೋಡಿಕೊಂಡೇ ಬೆಳೆದವರು. ಇಲ್ಲಿಗೆ ಬಂದಾಗ ಒಂದು ಸಂಜೆ ನದಿ ದಂಡೆಗೆ ಕರೆದುಕೊಂಡು ಹೋಗಿದ್ದೆ. ಆಫೀಸ್ ಬಿಟ್ಟ ಜನ ಸಾಲಾಗಿ ನೀರಿಗೆ ಇಳಿಯುತ್ತಿದ್ದರು. ಬ್ಯಾಂಕಿನವರು, ಟೀಚರ್‌ಗಳು, ಅಜ್ಜಿಯರು, ಎಲ್ಲರೂ. ಅಮ್ಮನ ಮೊದಲ ಮಾತು: "ಬಟ್ಟೆ ಎಲ್ಲಿಟ್ಟು ಇಳ್ದಿದಾರೆ ಇವ್ರೆಲ್ಲ? ಯಾರಾದ್ರೂ ಎತ್ಕೊಂಡು ಹೋದ್ರೆ?"

ಅದೇ ವಿಷಯ. ಇಲ್ಲಿ ನೀರಿನ ಸೆಳೆತದ ಜೊತೆ ಕೆಳಗೆ ತೇಲಿಕೊಂಡು ಹೋಗುವುದೇ ಈಜು. ಇಳಿದ ಜಾಗ ಒಂದು, ಹತ್ತುವ ಜಾಗ ಇನ್ನೊಂದು. ಬಟ್ಟೆ, ಚಪ್ಪಲಿ, ಮೊಬೈಲು, ಮನೆ ಬೀಗದ ಕೈ ಎಲ್ಲ ನಿಮ್ಮ ಜೊತೆಗೇ ಬರಬೇಕು. ಅದಕ್ಕೇ ಚೀಲ.

ತುಂಬುವುದಕ್ಕೂ ಒಂದು ಕ್ರಮ ಇದೆ. ಭಾರದ್ದು ಕೆಳಗೆ: ಶೂ, ನೀರಿನ ಬಾಟಲಿ. ಮೇಲೆ ಬಟ್ಟೆ. ಮೊಬೈಲನ್ನು ಟವೆಲಿನಲ್ಲಿ ಸುತ್ತಿ ನಡುವೆ ಇಡಿ. ಆಮೇಲೆ ಚೀಲದ ಬಾಯಿಯ ಎರಡು ಅಂಚು ಸೇರಿಸಿ ಏಳು ಸುತ್ತು ಮಡಚಬೇಕು. ಮನೆಯಲ್ಲಿ ಹಪ್ಪಳದ ಪ್ಯಾಕೆಟ್ ಬಾಯಿ ಮಡಚಿ ಕ್ಲಿಪ್ ಹಾಕುತ್ತೇವಲ್ಲ, ಹಾಗೇ. ನಾಲ್ಕು ಸುತ್ತಿಗೆ ಸಾಕು ಅಂತ ಬಿಡಬೇಡಿ. ಏಳು ಅಂದರೆ ಏಳು. ಒಳಗೆ ಗಾಳಿ ಉಳಿಯಬೇಕು, ಪೂರ್ತಿ ಒತ್ತಿ ತೆಗೆಯಬಾರದು. ಆ ಗಾಳಿಯಿಂದಲೇ ಚೀಲ ತೇಲುವುದು. ಕೊನೆಗೆ ಬಕಲ್ ಹಾಕಿ, ಪಟ್ಟಿಯನ್ನು ಹೆಗಲಿಗೋ ಕೈಗೋ ಸಿಕ್ಕಿಸಿಕೊಂಡರೆ ಮುಗಿಯಿತು.

ನಮ್ಮ ಲ್ಯಾಬಿನ ಒಬ್ಬ ಹುಡುಗ ದುಡ್ಡು ಉಳಿಸಲು ಆನ್‌ಲೈನ್‌ನಲ್ಲಿ ಹೆಸರಿಲ್ಲದ ಒಂದು ಅಗ್ಗದ ಚೀಲ ತರಿಸಿದ್ದ. ವೆಟ್‌ಸ್ಟೈನ್ ಸೇತುವೆ ದಾಟುವಷ್ಟರಲ್ಲಿ ಅದರ ಹೊಲಿಗೆ ಬಿಟ್ಟಿತು. ಪಾಪ, ಪ್ಯಾಂಟಿನಿಂದ ನೀರು ತೊಟ್ಟಿಕ್ಕಿಸಿಕೊಂಡು ಟ್ರಾಮ್ ಹತ್ತಿದ. ನನ್ನದು ಕೆಲವು ಬೇಸಿಗೆ ದಾಟಿದೆ. ಬಣ್ಣ ಸ್ವಲ್ಪ ಮಾಸಿದೆ ಅಷ್ಟೇ, ಒಳಗೆ ಬಟ್ಟೆ ಒಣಗಿದ್ದು ಒಣಗಿದ ಹಾಗೇ ಇರುತ್ತದೆ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಬೆಲೆಗೆ. ನನ್ನೊಳಗಿನ ನರಸೀಪುರದವಳು ಅಷ್ಟು ಬೇಗ ಒಪ್ಪುವುದಿಲ್ಲ.

ಒಂದು ಮಾತು ಮಾತ್ರ ನೆನಪಿರಲಿ. ಇದು ಲೈಫ್ ಜಾಕೆಟ್ ಅಲ್ಲ. ತೇಲುತ್ತದೆ, ತಲೆದಿಂಬಿನ ಹಾಗೆ ತಬ್ಬಿಕೊಳ್ಳಬಹುದು, ಆದರೆ ಈಜು ಬರದವರನ್ನು ಉಳಿಸುವುದಿಲ್ಲ. ತಲಕಾಡಿನಲ್ಲಿ ಬೇಸಿಗೆ ಬಂದರೆ ಎಷ್ಟು ಮಕ್ಕಳು ಮಡುವಿಗೆ ಬಿದ್ದ ಸುದ್ದಿ ಕೇಳಿ ಬೆಳೆದಿದ್ದೇವೆ, ಅಲ್ವಾ. ನದಿ ಯಾವ ದೇಶದ್ದಾದರೂ ನದಿಯೇ.

ಇನ್ನು ನೀರಿಗೆ ಇಳಿಯೋಣ. ಊರಿನ ಬಲದಂಡೆಯಲ್ಲಿ, ಅಂದರೆ ಕ್ಲೈನ್‌ಬಾಸೆಲ್ ಕಡೆ, ಟಿಂಗೆಲಿ ಮ್ಯೂಸಿಯಂ ಹತ್ತಿರ ಶುರು. ಆ ದಂಡೆಯನ್ನು ಬಿಟ್ಟು ಆಚೆ ಹೋಗಬಾರದು, ಏಕೆಂದರೆ ನಡುವೆ ಮತ್ತು ಎದುರು ಬದಿಯಲ್ಲಿ ಹಡಗು ಓಡಾಡುತ್ತವೆ. ಮೊದಲ ಕ್ಷಣ ತಣ್ಣಗೆ ಹೊಡೆಯುತ್ತದೆ. ಬೇಸಿಗೆಯ ನಡುವಿನಲ್ಲೂ ನೀರು ಇಪ್ಪತ್ತು ಚಿಲ್ಲರೆ ಡಿಗ್ರಿ ಅಷ್ಟೇ. ಆಮೇಲೆ ಮೈ ಸಡಿಲ ಬಿಟ್ಟು, ಚೀಲ ಎದೆಗೆ ಒತ್ತಿಕೊಂಡು, ಕಿವಿ ನೀರೊಳಗೆ ಮುಳುಗಿಸಿ ನೋಡಿ. ಸಣ್ಣಗೆ ಚಿಟಿಚಿಟಿ ಅಂತ ಸದ್ದು ಕೇಳುತ್ತದೆ. ತಳದಲ್ಲಿ ಬೆಣಚುಕಲ್ಲು ಒಂದಕ್ಕೊಂದು ತಾಗಿ ಉರುಳುವ ಸದ್ದು ಅದು. ತಲೆ ಮೇಲೆತ್ತಿದರೆ ಊರಿನ ಗದ್ದಲ, ಮುಳುಗಿಸಿದರೆ ಕಲ್ಲಿನ ಮಾತು. ನಾನು ಹಣ ಕೊಟ್ಟದ್ದು ಚೀಲಕ್ಕೆ, ಸಿಕ್ಕಿದ್ದು ಇದು.

ದಾರಿಯಲ್ಲಿ ದೋಣಿಗಳು ಸಿಗುತ್ತವೆ. ಊರಿನಲ್ಲಿ ಇಂಥವು ನಾಲ್ಕು. ಒಂದಕ್ಕೂ ಮೋಟಾರ್ ಇಲ್ಲ. ನದಿಗೆ ಅಡ್ಡವಾಗಿ ಮೇಲೆ ತಂತಿ ಕಟ್ಟಿ, ದೋಣಿಯನ್ನು ಅದಕ್ಕೆ ಬಿಗಿದು, ಸೆಳೆತದ ಬಲದಲ್ಲೇ ಈ ದಡದಿಂದ ಆ ದಡಕ್ಕೆ ಹೋಗುತ್ತವೆ. ಹಡಗುಗಳೂ ಸಿಗುತ್ತವೆ. ಡಚ್ ಬಾವುಟ, ಮೇಲೆ ಒಣಗಲು ಹಾಕಿದ ಬಟ್ಟೆ, ಹಿಂಭಾಗದಲ್ಲಿ ಮಾಲೀಕರ ಕಾರು. ನೆದರ್‌ಲ್ಯಾಂಡ್ಸ್‌ನ ರಾಟರ್‌ಡಾಂ ಬಂದರಿನಿಂದ ಸ್ವಿಸ್ ನೆಲದವರೆಗೆ ನದಿಯಲ್ಲಿ ಓಡಾಡಲು ಇವಕ್ಕೆ ಸುಂಕ ಇಲ್ಲ. 1868ರ ಮನ್‌ಹೈಮ್ ಒಪ್ಪಂದದ ಫಲ ಅದು. ಅದನ್ನು ನೋಡಿಕೊಳ್ಳುವ ಆಯೋಗದ ಬೇರು 1815ರ ವಿಯೆನ್ನಾ ಸಮ್ಮೇಳನದಲ್ಲಿದೆ. ಸಮುದ್ರವೇ ಇಲ್ಲದ ದೇಶಕ್ಕೆ ಬಂದರು ಸಿಕ್ಕಿದ್ದು ಹೀಗೆ. ಹಡಗಿನ ವಿಷಯದಲ್ಲಿ ಈ ನದಿಯ ದೇಶಗಳವರು ಬೇಗ ರಾಜಿಯಾದರು. ನೀರಿನ ಕೊಳೆಯ ವಿಷಯಕ್ಕೆ ಇನ್ನೂ ನೂರು ವರ್ಷ ಬೇಕಾಯಿತು.

ನಮ್ಮ ಲ್ಯಾಬಿನಲ್ಲಿ ಒಬ್ಬ ಹಿರಿಯ ಟೆಕ್ನೀಷಿಯನ್ ಇದ್ದಾಳೆ, ಇದೇ ಊರಿನವಳು. ಅವಳಿಗೆ 1986ರ ನವೆಂಬರ್ 1 ಚೆನ್ನಾಗಿ ನೆನಪಿದೆ. ಆಗ ಅವಳು ಶಾಲೆಗೆ ಹೋಗುವ ಹುಡುಗಿ. ಊರಿನ ಸ್ವಲ್ಪ ಮೇಲೆ, ಶ್ವೈಟ್ಸರ್‌ಹಾಲೆಯಲ್ಲಿ, ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಮಧ್ಯರಾತ್ರಿ ಕಳೆದು ಬೆಂಕಿ ಬಿತ್ತು. ಒಳಗೆ ಸುಮಾರು 1,350 ಟನ್ ರಾಸಾಯನಿಕ, ಹೆಚ್ಚಿನದು ಕೀಟನಾಶಕ. ಬೆಳಗಿನ ಜಾವ ಸೈರನ್ ಕೂಗಿತು. ಯಾರೂ ಹೊರಗೆ ಬರಬೇಡಿ, ಕಿಟಕಿ ಮುಚ್ಚಿ ಅಂತ ರೇಡಿಯೊದಲ್ಲಿ ಹೇಳಿದರು. ಅವಳಮ್ಮ ಕಿಟಕಿ ಸಂದಿಗೆಲ್ಲ ಒದ್ದೆ ಟವೆಲ್ ತುರುಕಿದ್ದರಂತೆ. ಆದರೂ ಕೊಳೆತ ಮೊಟ್ಟೆಯ ವಾಸನೆ ಮನೆಯೊಳಗೆ ಬಂದೇ ಬಂತಂತೆ.

ಬೆಂಕಿ ಆರಿತು. ಆರಿಸಿದ ನೀರು ಎಲ್ಲಿಗೆ ಹೋಗಬೇಕು? ಅದನ್ನು ಹಿಡಿದಿಡುವ ತೊಟ್ಟಿ ಅಲ್ಲಿ ಇರಲಿಲ್ಲ. ಸಾವಿರಾರು ಘನ ಮೀಟರ್ ನೀರು ವಿಷ ಹೊತ್ತುಕೊಂಡು ನೇರ ರೈನ್‌ಗೆ ಇಳಿಯಿತು. ಅದರಲ್ಲಿದ್ದ ಬಣ್ಣದಿಂದ ನದಿ ಕೆಂಪಾಯಿತು. ಕೆಳಗೆ ಸುಮಾರು 400 ಕಿಲೋಮೀಟರ್ ಉದ್ದಕ್ಕೂ ಹಾವುಮೀನು ಸತ್ತವು. ಅಂದಾಜು ಒಂದೂವರೆ ಲಕ್ಷ. ಜರ್ಮನಿಯಲ್ಲಿ, ನೆದರ್‌ಲ್ಯಾಂಡ್ಸ್‌ನಲ್ಲಿ ನದಿಯಿಂದ ಕುಡಿಯುವ ನೀರು ಎತ್ತುವುದನ್ನು ನಿಲ್ಲಿಸಿದರು. ಸುದ್ದಿ ನಮಗೆ ತಡವಾಗಿ ಮುಟ್ಟಿತು ಅಂತ ಕೆಳಗಿನ ದೇಶಗಳು ರೇಗಿದವು. ಚೆರ್ನೋಬಿಲ್ ಆಗಿ ಆರು ತಿಂಗಳಷ್ಟೇ ಕಳೆದಿತ್ತು. ಜನರ ಸಿಟ್ಟು ಹೇಗಿರಬೇಡ.

ನಾನು ಹುಟ್ಟಿ ಬೆಳೆದದ್ದು ಕೆಳಗಿನವಳಾಗಿ. ನಂಜನಗೂಡು ದಾಟಿ, ಅಲ್ಲಿಯ ಊರಿನ ಕೊಳೆ, ಕಾರ್ಖಾನೆಗಳ ಕೊಳೆ ಎಲ್ಲ ಹೊತ್ತುಕೊಂಡು ಬರುವ ಕಪಿಲೆ ನಮ್ಮ ಪಾಲಿಗೆ. ಮೇಲಿನವರು ಏನು ಬಿಟ್ಟರೋ ಅದೇ ನಮ್ಮ ನೀರು. ಇಲ್ಲಿ ಬಂದ ಮೇಲೆ ಮೇಲಿನವಳಾದೆ. ನಾನು ಕೆಲಸ ಮಾಡುವುದು ಔಷಧಿ ಲ್ಯಾಬಿನಲ್ಲಿ. ಸಿಂಕ್‌ನಲ್ಲಿ ಏನು ಸುರಿಯಬಹುದು, ಏನು ಸುರಿಯಬಾರದು ಅಂತ ಕೆಲಸಕ್ಕೆ ಸೇರಿದ ಮೊದಲ ದಿನವೇ ಪಾಠ ಆಗುತ್ತದೆ. ಆ ಪಾಠ ಇಷ್ಟು ಕಟ್ಟುನಿಟ್ಟಾಗಿ ಏಕೆ ಅಂತ ತಿಳಿಯಬೇಕಾದರೆ 1986 ಗೊತ್ತಿರಬೇಕು.

ಆದರೆ ಎಲ್ಲ ಬದಲಾದದ್ದು ಆ ಬೆಂಕಿಯಿಂದಲೇ ಅಂತ ಹೇಳುವವರ ಮಾತು ಪೂರ್ತಿ ಒಪ್ಪಬೇಡಿ. ಮೇಜು ಮೊದಲೇ ಹಾಕಿತ್ತು. 1950ರಲ್ಲಿ, ಮಹಾಯುದ್ಧ ಮುಗಿದು ಐದೇ ವರ್ಷಕ್ಕೆ, ಇದೇ ಬಾಸೆಲ್‌ನಲ್ಲಿ ಐದು ದೇಶಗಳವರು ಕೂತರು: ಸ್ವಿಟ್ಜರ್ಲೆಂಡ್, ಫ್ರಾನ್ಸ್, ಜರ್ಮನಿ, ಲಕ್ಸಂಬರ್ಗ್, ನೆದರ್‌ಲ್ಯಾಂಡ್ಸ್. ಕರೆದದ್ದು ನೆದರ್‌ಲ್ಯಾಂಡ್ಸ್. ಎಲ್ಲರಿಗಿಂತ ಕೆಳಗಿರುವವರು ಅವರೇ ತಾನೇ. ರೈನ್ ಸಂರಕ್ಷಣೆಯ ಅಂತರರಾಷ್ಟ್ರೀಯ ಆಯೋಗ ಹುಟ್ಟಿದ್ದು ಹೀಗೆ. 1963ರಲ್ಲಿ ಬರ್ನ್‌ನಲ್ಲಿ ಅದಕ್ಕೆ ಒಪ್ಪಂದದ ಬಲ ಸಿಕ್ಕಿತು. ಈಗ ಅದರ ಕಚೇರಿ ಜರ್ಮನಿಯ ಕೊಬ್ಲೆನ್ಸ್‌ನಲ್ಲಿದೆ.

ಮೊದಲ ಮೂವತ್ತು ವರ್ಷ ಇದರ ಕೆಲಸ ಹೆಚ್ಚಾಗಿ ಅಳೆಯುವುದು ಮತ್ತು ಜಗಳ ಆಡುವುದು. ಉಪ್ಪಿನ ಕಥೆ ಕೇಳಿ. ಫ್ರಾನ್ಸಿನ ಅಲ್ಸಾಸ್‌ನಲ್ಲಿ ಪೊಟ್ಯಾಷ್ ಗಣಿಗಳು. ಅವು ಬೇಡದ ಉಪ್ಪನ್ನು ನದಿಗೆ ಬಿಡುತ್ತಿದ್ದವು. ಕೆಳಗೆ ರಾಟರ್‌ಡಾಂ ಕಡೆ ಅದೇ ನೀರಿನಲ್ಲಿ ಸಸಿ ಬೆಳೆಸುವ ನರ್ಸರಿಯವರು. ಉಪ್ಪು ನೀರು ಹಾಯಿಸಿದರೆ ಗಿಡ ಬದುಕುತ್ತದಾ? ಅವರು ಕೋರ್ಟಿಗೆ ಹೋದರು. ಹಾನಿ ಆದದ್ದು ನಿಮ್ಮ ಊರಿನಲ್ಲಾದರೆ ನಿಮ್ಮ ಊರಿನ ಕೋರ್ಟಿನಲ್ಲೇ ಕೇಸು ಹಾಕಬಹುದು ಅಂತ ಯುರೋಪಿನ ನ್ಯಾಯಾಲಯ 1976ರಲ್ಲಿ ಹೇಳಿತು. ಅದೇ ವರ್ಷ ಉಪ್ಪು ಕಡಿಮೆ ಮಾಡುವ ಒಪ್ಪಂದವೂ ಆಯಿತು. ಖರ್ಚು ಹಂಚಿಕೊಂಡ ರೀತಿ ನೋಡಿ: ಫ್ರಾನ್ಸ್ 30 ಪರ್ಸೆಂಟ್, ಜರ್ಮನಿ 30, ಸ್ವಿಟ್ಜರ್ಲೆಂಡ್ 6, ನೆದರ್‌ಲ್ಯಾಂಡ್ಸ್ 34. ಅಂದರೆ ಪೆಟ್ಟು ತಿಂದವನೇ ಎಲ್ಲರಿಗಿಂತ ಜಾಸ್ತಿ ಕಟ್ಟಿದ. ನನಗೆ ಇದು ಇವತ್ತಿಗೂ ಅರಗುವುದಿಲ್ಲ. ಹೀಗಿದ್ದರೂ ಒಪ್ಪಂದ ಜಾರಿಗೆ ಬರಲು 1985 ಆಯಿತು. ನದಿಗೆ ಬಿಡುವ ಬದಲು ಉಪ್ಪನ್ನು ನೆಲದೊಳಗೆ ತುಂಬುವುದಕ್ಕೆ ಅಲ್ಸಾಸ್ ಜನ ತಿರುಗಿಬಿದ್ದಿದ್ದರು. ಹಾಗಾಗಿ, ಯುರೋಪಿನವರು ನದಿ ವಿಷಯದಲ್ಲಿ ಸಾಧುಗಳು ಅಂತ ಯಾರಾದರೂ ಭಾಷಣ ಬಿಗಿದರೆ ಈ ಉಪ್ಪಿನ ಲೆಕ್ಕ ಹೇಳಿ.

1986 ಮಾಡಿದ್ದು ಏನು ಅಂದರೆ, ಮೇಜಿನ ಸುತ್ತ ಕೂತವರಿಗೆ ನಾಚಿಕೆ ಮತ್ತು ಅವಸರ ಎರಡನ್ನೂ ಕೊಟ್ಟಿತು. ಮುಂದಿನ ವರ್ಷವೇ ರೈನ್ ಕಾರ್ಯಯೋಜನೆ ಬಂತು. ಮುಖ್ಯ ವಿಷಗಳನ್ನು 1995ರೊಳಗೆ ಅರ್ಧಕ್ಕೆ ಇಳಿಸಬೇಕು. 2000ದ ಹೊತ್ತಿಗೆ ಸಾಲ್ಮನ್ ಮೀನು ವಾಪಸ್ ಬರಬೇಕು. ಗುರಿಯನ್ನು ಎಷ್ಟು ಮಿಲಿಗ್ರಾಂ ಅಂತ ಹೇಳದೆ ಒಂದು ಮೀನಿನ ಹೆಸರಲ್ಲಿ ಹೇಳಿದ್ದು ಜಾಣತನ. ಮಿಲಿಗ್ರಾಂ ನಮ್ಮಂಥ ಲ್ಯಾಬಿನವರಿಗೆ ಅರ್ಥ ಆಗುತ್ತದೆ, ಮೀನು ಎಲ್ಲರಿಗೂ ಅರ್ಥ ಆಗುತ್ತದೆ. ವಿಷದ ಗುರಿಯನ್ನು ಬಹುಮಟ್ಟಿಗೆ ಮುಟ್ಟಿದರು. ಕಾರ್ಖಾನೆಗಳು ಬೆಂಕಿ ನೀರು ಹಿಡಿಯುವ ತೊಟ್ಟಿ ಕಟ್ಟಿಕೊಂಡವು. ಎಲ್ಲಾದರೂ ಏನಾದರೂ ಚೆಲ್ಲಿದರೆ ಕೆಳಗಿನ ಎಲ್ಲ ಕೇಂದ್ರಗಳಿಗೂ ಸುದ್ದಿ ಹೋಗುವ ವ್ಯವಸ್ಥೆ ಬಿಗಿಯಾಯಿತು. ಆ ಕೊಳೆ ಯಾವ ಊರಿಗೆ ಯಾವ ಹೊತ್ತಿಗೆ ಮುಟ್ಟುತ್ತದೆ ಅಂತ ಲೆಕ್ಕ ಹಾಕಿ ಹೇಳುವ ಕಂಪ್ಯೂಟರ್ ಮಾದರಿಯೂ ಇದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಊರಿನಿಂದ ಸ್ವಲ್ಪ ಕೆಳಗೆ ಇದೆ. ಗಡಿ ದಾಟಿ ಜರ್ಮನಿಯ ವೈಲ್ ಆಮ್ ರೈನ್. ಅಲ್ಲಿ 1993ರಿಂದ ನೀರು ಪರೀಕ್ಷಿಸುವ ಒಂದು ಕೇಂದ್ರ ನಡೆಯುತ್ತಿದೆ. ಹೊರಗಿನಿಂದ ನೋಡಿದರೆ ಏನೂ ಇಲ್ಲ, ಸೆಲ್ಫಿ ತೆಗೆಯುವ ಜಾಗ ಅಲ್ಲವೇ ಅಲ್ಲ. ಕೆಲಸ ಮಾತ್ರ ಚಿನ್ನದಂಥದ್ದು. ನದಿಯ ಅಗಲದುದ್ದಕ್ಕೂ ಐದು ಕಡೆಯಿಂದ ನೀರು ಎಳೆಯುತ್ತಾರೆ. ಐದು ಏಕೆ? ಒಂದು ದಡದಲ್ಲಿ ಬಿಟ್ಟ ಕೊಳೆ ಬೇಗ ಬೆರೆಯುವುದಿಲ್ಲ, ಆ ದಡ ಹಿಡಿದೇ ಬಹಳ ದೂರ ಹೋಗುತ್ತದೆ. ಒಂದೇ ಕಡೆ ಸ್ಯಾಂಪಲ್ ತೆಗೆದರೆ ಇನ್ನೊಂದು ದಡದವನು ತಪ್ಪಿಸಿಕೊಳ್ಳುತ್ತಾನೆ. ಐದು ಕಡೆ ತೆಗೆದರೆ ಯಾವ ಬದಿಯಿಂದ ಬಂತು ಅಂತ ಗೊತ್ತಾಗಿಬಿಡುತ್ತದೆ. ಕೇಂದ್ರ ಇರುವುದು ಜರ್ಮನ್ ನೆಲದಲ್ಲಿ. ದುಡ್ಡು ಎರಡೂ ದೇಶದ್ದು. ಸ್ಯಾಂಪಲ್ ಪರೀಕ್ಷೆ ದಿನಾ ನಡೆಯುವುದು ಬಾಸೆಲ್ ಊರಿನ ಲ್ಯಾಬಿನಲ್ಲಿ. ಅಂದರೆ ತಪ್ಪು ಮಾಡಬಹುದಾದ ಮೇಲಿನವರೇ ತಮ್ಮ ನೀರನ್ನು ಅಳೆದು ಕೆಳಗಿನವರಿಗೆ ಲೆಕ್ಕ ಒಪ್ಪಿಸುತ್ತಾರೆ, ಕೆಳಗಿನವರು ಅದನ್ನು ನಂಬುತ್ತಾರೆ. ನಿನ್ನ ಅಂಕಿ ಬೇರೆ, ನನ್ನ ಅಂಕಿ ಬೇರೆ ಅನ್ನುವ ಮಾತೇ ಬರುವುದಿಲ್ಲ.

ಕಾವೇರಿ ನೆನಪಾಗದೆ ಇರುತ್ತಾ? ನಮ್ಮದು ದೇಶದೇಶದ ಜಗಳ ಅಲ್ಲ, ರಾಜ್ಯಗಳದು. ಸುಪ್ರೀಂ ಕೋರ್ಟ್ 2018ರಲ್ಲಿ ವರ್ಷಕ್ಕೆ 177.25 ಟಿಎಂಸಿ ಬಿಡಬೇಕು ಅಂದಿತು, ಅಳೆಯುವುದು ಬಿಳಿಗುಂಡ್ಲುವಿನಲ್ಲಿ. ಮಳೆ ಚೆನ್ನಾಗಿ ಬಂದ ವರ್ಷ ಯಾರೂ ತುಟಿ ಬಿಚ್ಚುವುದಿಲ್ಲ. ಬರ ಬಂದರೆ ಜಲಾಶಯದಲ್ಲಿ ಎಷ್ಟಿದೆ, ಒಳಹರಿವು ಎಷ್ಟು ಅನ್ನುವುದರಿಂದಲೇ ವಾದ ಶುರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ, ನಿಜ. ರೈನ್‌ನಲ್ಲಿ ನೀರಿಗೆ ಬರ ಕಡಿಮೆ. ಬಾಸೆಲ್ ಹತ್ತಿರ ಸರಾಸರಿ ಸೆಕೆಂಡಿಗೆ ಸಾವಿರ ಘನ ಮೀಟರಿಗೂ ಹೆಚ್ಚು ಹರಿಯುತ್ತದೆ. ಇಲ್ಲಿಯ ಜಗಳ ಎಷ್ಟು ನೀರು ಅನ್ನುವುದಕ್ಕಲ್ಲ, ಎಂಥ ನೀರು ಅನ್ನುವುದಕ್ಕೆ. ಆದರೆ ಬಿಳಿಗುಂಡ್ಲುವಿನಲ್ಲಿ ಎಂಥ ನೀರು ಅನ್ನುವ ಪ್ರಶ್ನೆಗೆ ಇಷ್ಟು ಗಲಾಟೆ ಆದದ್ದನ್ನು ನಾನಂತೂ ಕೇಳಿಲ್ಲ.

ರೈನ್ ಸಂರಕ್ಷಣೆಯ ಆಯೋಗದ ಕೈಯಲ್ಲಿ ಲಾಠಿ ಇಲ್ಲ ಅನ್ನುವುದೂ ಗೊತ್ತಿರಲಿ. ಅದು ದಂಡ ಹಾಕುವುದಿಲ್ಲ. ಎಲ್ಲರೂ ಸೇರಿ ತೀರ್ಮಾನ ಮಾಡುತ್ತಾರೆ, ಮಾಡಬೇಕಾದದ್ದು ಆಯಾ ದೇಶ ತನ್ನ ಕಾನೂನಿನಲ್ಲಿ, ತನ್ನ ದುಡ್ಡಿನಲ್ಲಿ. ಮಾಡದವನು ಮುಂದಿನ ಸಭೆಯಲ್ಲಿ ಉಳಿದವರ ಎದುರು ಅದೇ ಕುರ್ಚಿಯಲ್ಲಿ ಕೂತು ಏಕೆ ಆಗಲಿಲ್ಲ ಅಂತ ಹೇಳಬೇಕು. ಇಷ್ಟಕ್ಕೇ ಕೆಲಸ ನಡೆಯುತ್ತದಾ ಅಂದರೆ, ಒಮ್ಮೊಮ್ಮೆ ಚೆನ್ನಾಗಿ, ಒಮ್ಮೊಮ್ಮೆ ಬಸವನ ಹುಳುವಿನ ವೇಗದಲ್ಲಿ.

ಈಗಿನ ತಲೆನೋವು ಕಣ್ಣಿಗೆ ಕಾಣುವುದಿಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ. ದಿನಾ ಮೆಟ್‌ಫಾರ್ಮಿನ್ ಮಾತ್ರೆ. ಆ ಔಷಧಿ ಮೈಯಲ್ಲಿ ಕರಗಿ ಮುಗಿಯುವುದಿಲ್ಲ, ಬಹುಪಾಲು ಹಾಗೇ ಹೊರಗೆ ಬರುತ್ತದೆ. ಯುರೋಪಿನ ನದಿಗಳಲ್ಲಿ ಸಾಮಾನ್ಯವಾಗಿ ಸಿಗುವ ಔಷಧಿಗಳಲ್ಲಿ ಅದೂ ಒಂದು. ಅಮ್ಮನಿಗೆ ಇದನ್ನು ಹೇಳಿದೆ. "ಹಾಗಾದ್ರೆ ನಾನ್ ನುಂಗಿದ್ದು ಆ ಡಚ್ಚಿನೋರ ಊರ್ಗೂ ಹೋಗುತ್ತೇನೇ?" ಅಂತ ನಕ್ಕರು. ಹೋಗುತ್ತದೆ ಅಮ್ಮ. ಅದಕ್ಕೇ ಸ್ವಿಟ್ಜರ್ಲೆಂಡಿನಲ್ಲಿ 2016ರಿಂದ ಕೊಳಚೆ ನೀರಿನ ಮೇಲೆ ಒಂದು ಶುಲ್ಕ ಇದೆ, ತಲೆಗೆ ವರ್ಷಕ್ಕೆ 9 ಫ್ರಾಂಕ್‌ವರೆಗೆ. ಆ ದುಡ್ಡಿನಲ್ಲಿ ದೊಡ್ಡ ಶುದ್ಧೀಕರಣ ಘಟಕಗಳಿಗೆ ಓಜೋನ್, ಇದ್ದಿಲು ಬಳಸಿ ಇಂಥ ಸೂಕ್ಷ್ಮ ವಸ್ತುಗಳನ್ನು ತೆಗೆಯುವ ಇನ್ನೊಂದು ಹಂತ ಸೇರಿಸುತ್ತಿದ್ದಾರೆ. 2020ರಲ್ಲಿ ಆಯೋಗದವರೆಲ್ಲ ಸೇರಿ ಒಪ್ಪಿದ ರೈನ್ 2040 ಯೋಜನೆಯಲ್ಲಿ, ಇಂಥವನ್ನು ಕನಿಷ್ಠ 30 ಪರ್ಸೆಂಟ್ ಇಳಿಸಬೇಕು ಅಂತಿದೆ. ಮೂವತ್ತು ಕಡಿಮೆ ಆಯಿತು ಅಂತ ನನಗೆ ಅನ್ನಿಸುತ್ತದೆ. ಆದರೆ ಒಂಬತ್ತು ಫ್ರಾಂಕ್ ಕೊಡುವಾಗ ನನಗೆ ಒಂದು ಚೂರೂ ಬೇಜಾರಿಲ್ಲ. ಚೀಲದ ಬೆಲೆಗಿಂತ ಇದು ಅಗ್ಗ.

ಸಾಲ್ಮನ್ ಕಥೆ ಏನಾಯಿತು? ಅರ್ಧ ದಾರಿಯಲ್ಲಿದೆ. ಸಮುದ್ರದಿಂದ ಮೇಲೇರಿ ಬರುವ ಮೀನಿಗೆ ಅಣೆಕಟ್ಟು ಅಡ್ಡ. ಬಾಸೆಲ್‌ನ ಕೆಳಗೆ, ಫ್ರಾನ್ಸ್ ಗಡಿಯುದ್ದಕ್ಕೂ, ವಿದ್ಯುತ್ತಿಗಾಗಿ ಸಾಲಾಗಿ ಕಟ್ಟಿದ್ದಾರೆ. ಅಲ್ಲಿಯ ನೀರಿನ ಶಕ್ತಿ ಬಳಸುವ ಹಕ್ಕನ್ನು 1919ರ ವರ್ಸೈ ಒಪ್ಪಂದವೇ ಫ್ರಾನ್ಸಿಗೆ ಬರೆದುಕೊಟ್ಟಿತ್ತು. ಮೀನು ಹತ್ತಲು ಪಕ್ಕದಲ್ಲಿ ಮೆಟ್ಟಿಲಿನ ಥರ ಕಾಲುವೆ ಕಟ್ಟಬೇಕು. ಒಂದೊಂದೇ ಅಣೆಕಟ್ಟಿಗೆ ಆಯಿತು: 2000ದಲ್ಲಿ ಇಫೆಟ್ಸ್‌ಹೈಮ್, 2006ರಲ್ಲಿ ಗಾಂಬ್ಸ್‌ಹೈಮ್, 2016ರಲ್ಲಿ ಸ್ಟ್ರಾಸ್‌ಬರ್ಗ್, 2019ರಲ್ಲಿ ಗೆರ್ಸ್ಟ್‌ಹೈಮ್. ಬೆಲೆಯೂ ದುಬಾರಿ, ವೇಗವೂ ನಿಧಾನ. 2020ರ ಹೊತ್ತಿಗೆ ಮೀನಿನ ದಾರಿ ಬಾಸೆಲ್‌ವರೆಗೆ ತೆರೆಯಬೇಕಿತ್ತು. ಆಗಲಿಲ್ಲ.

ಗಾಂಬ್ಸ್‌ಹೈಮ್‌ನಲ್ಲಿ ಆ ಮೀನಿನ ಮೆಟ್ಟಿಲನ್ನು ಒಳಗಿನಿಂದ ನೋಡಲು ಗಾಜಿನ ಕಿಟಕಿ ಇಟ್ಟಿದ್ದಾರೆ. ಒಂದು ಬದಿ ಫ್ರಾನ್ಸ್, ಇನ್ನೊಂದು ಬದಿ ಜರ್ಮನಿ, ನಡುವೆ ಆ ಜಾಗ. ರಜೆಯಲ್ಲಿ ಅಮ್ಮನನ್ನು ಕರೆದುಕೊಂಡು ಹೋದೆ. ಮಕ್ಕಳಿರುವವರು ಖಂಡಿತ ಹೋಗಿ. ಹಸಿರು ನೀರು ಗಾಜಿಗೆ ಒತ್ತಿಕೊಂಡು ನುಗ್ಗುತ್ತಿರುತ್ತದೆ, ಗುಳ್ಳೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ, ತಾಳ್ಮೆ ಬೇಕು. ನಮಗೆ ಸಾಲ್ಮನ್ ದರ್ಶನ ಆಗಲಿಲ್ಲ. ಮೀಸೆ ಇರುವ ಒಂದು ಮೀನು ಮಾತ್ರ ಬಂತು. ಸೆಳೆತಕ್ಕೆ ಎದುರಾಗಿ ಬಾಲ ಬಡಿಯುತ್ತಾ, ಗಾಜಿನ ಪಕ್ಕದಲ್ಲೇ ಸ್ವಲ್ಪ ಹೊತ್ತು ನಿಂತುಕೊಂಡಿತು. "ನಮ್ ಬಿಳಿಮೀನ್ ಥರಾನೇ ಇದೆ ಕಣೇ" ಅಂದರು ಅಮ್ಮ. ಕಾವೇರಿಯ ಬಿಳಿಮೀನಿಗೂ ಮೀಸೆ ಇದೆ, ಎರಡೂ ದೂರದ ನೆಂಟರೇ. ಬೆನ್ನು ಉಬ್ಬಿದ ಕಾವೇರಿಯ ಬಿಳಿಮೀನು ಈಗ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಅದಕ್ಕೆ ಮೆಟ್ಟಿಲು ಕಟ್ಟುವ ಮಾತು ಎಲ್ಲಿ?

ಹಾಗಾಗಿ ನೀರಿಗೆ ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಈಜಲು ಪೂರ್ತಿ ಸರಿ. ಮುಖಕ್ಕೆ ಎರಚಿಕೊಂಡರೂ ಅಳುಕಿಲ್ಲ. ಬಾಸೆಲ್ ಊರು ಕುಡಿಯುವುದಕ್ಕೂ ಇದೇ ನದಿಯ ನೀರನ್ನು ಕಾಡಿನ ನೆಲಕ್ಕೆ ಬಿಟ್ಟು, ಇಂಗಿಸಿ, ಮತ್ತೆ ಮೇಲೆತ್ತಿ ಬಳಸುತ್ತದೆ. ಒಂದು ಅಂಕ ಕಳೆದದ್ದು ಮೀನಿನ ಪರವಾಗಿ.

ಕೊಳ್ಳುವವರಿಗೆ ಇನ್ನೆರಡು ಮಾತು. ದೊಡ್ಡ ಅಳತೆಯದ್ದೇ ತಗೊಳ್ಳಿ. ಚಿಕ್ಕದರಲ್ಲಿ ಗಂಡಸರ ಶೂ ಇಟ್ಟರೆ ಮಡಚಲು ಬಾಯಿ ಉಳಿಯುವುದಿಲ್ಲ. ಎದ್ದು ಕಾಣುವ ಬಣ್ಣ ಆರಿಸಿ, ಕಿತ್ತಳೆಯೋ ಹಳದಿಯೋ, ಹಡಗಿನವರ ಕಣ್ಣಿಗೆ ನೀವು ಬೀಳಬೇಕು. ಮನೆಗೆ ಬಂದ ಮೇಲೆ ಚೀಲದ ಒಳಮೈ ಹೊರಗೆ ಬರುವ ಹಾಗೆ ತಿರುಗಿಸಿ ಒಣಗಿಸಿ, ಇಲ್ಲದಿದ್ದರೆ ಮುಗ್ಗಲು ವಾಸನೆ ಹಿಡಿಯುತ್ತದೆ. ಆಗಸ್ಟಿನಲ್ಲಿ ಊರಿಗೆ ಊರೇ ಒಟ್ಟಿಗೆ ಈಜುವ ದಿನ ಒಂದಿದೆ. 1980ರಿಂದ ನಡೆದು ಬಂದಿದೆ, ದೂರ 1.8 ಕಿಲೋಮೀಟರ್, ಜೊತೆಗೆ ಕಾವಲು ದೋಣಿಗಳು. ಮೊದಲ ಸಲ ಇಳಿಯುವವರಿಗೆ ಅದೇ ಒಳ್ಳೆಯ ದಿನ. ಉಳಿದ ದಿನಗಳಲ್ಲಿ ಒಬ್ಬರೇ ಇಳಿಯಬೇಡಿ. ಮೇಲೆ ಜೋರು ಮಳೆ ಆಗಿ ನೀರು ಕಂದು ಬಣ್ಣಕ್ಕೆ ತಿರುಗಿದ್ದರೆ ದಂಡೆಯಲ್ಲೇ ಕೂತು ಐಸ್‌ಕ್ರೀಂ ತಿನ್ನಿ. ಸೇತುವೆಯ ಕಂಬಗಳಿಂದ ದೂರ ಇರಿ. ಡ್ರೈರೋಸನ್ ಸೇತುವೆಗೆ ಮೊದಲೇ ದಡ ಹತ್ತಬೇಕು. ಅದರಿಂದ ಮುಂದೆ ಈಜಲು ಬಿಡುವುದಿಲ್ಲ, ಅಲ್ಲಿಂದ ಬಂದರು ಶುರು. ಹತ್ತುವ ಮೆಟ್ಟಿಲು ಪಾಚಿ ಕಟ್ಟಿ ಜಾರುತ್ತವೆ, ಕಂಬಿ ಹಿಡಿದುಕೊಳ್ಳಿ.